ದೇವರ ಮೂಲೆಯ ಪೈಪು

ರಾಜೀವಿಯ ಅಡುಗೆಮನೆಯಿಂದ ಕುಚ್ಚಲಕ್ಕಿಗೆ ಗಡೀಪಾರಾಗಿತ್ತು. ತೀರ್ಪು ಕೊಟ್ಟವರು ಅವಳ ಗಂಡ ರಮಾನಾಥ. ಬ್ಯಾಂಕಿನಲ್ಲಿ ಮ್ಯಾನೇಜರು, ಅಲ್ಲಿ ಸಾಲ ಕೊಡದೆ ವಾಪಸು ಕಳಿಸುವಾಗಿನ ಅದೇ ಗಂಭೀರ ದನಿಯಲ್ಲಿ, "ಇನ್ನು ಬೆಳ್ತಿಗೆ ಅಕ್ಕಿಯ ಬಿಳಿ ಅನ್ನವೇ. ಕುಕ್ಕರಿನಲ್ಲಿಡು, ಗಂಜಿ ಬಸಿಯುವ ರಗಳೆಯೇ ಇಲ್ಲ" ಅಂದಿದ್ದರು.

ಆದದ್ದಿಷ್ಟು. ಕಸ್ಬಾದ ಅವರ ಫ್ಲ್ಯಾಟಿನ ಸಿಂಕು ಆಗಾಗ ಕಟ್ಟಿಕೊಳ್ಳುತ್ತಿತ್ತು. ಈ ಸಲ ಅಷ್ಟಕ್ಕೇ ನಿಲ್ಲದೆ ನೆಲದಡಿಯ ಪೈಪು ಜಾಯಿಂಟಿನಲ್ಲಿ ಬಿಟ್ಟು, ಕೆಳಗಿನ ಮನೆಯ ಬಂಗಾಳಿ ನೆರೆಯವರಾದ ಲಾಹಿರಿ ಬಾಬುಗಳ ಸೀಲಿಂಗಿನಿಂದ ಬೆಳ್ಳಗಿನ ನೀರು ತೊಟ್ಟಿಕ್ಕಿತು. ಅವರು ಮೇಲೆ ಬಂದು ಮೂಗು ಮುಚ್ಚಿಕೊಂಡೇ ದೂರು ಹೇಳಿದರು. ಗಂಜಿ ಅಂಟಿಯೇ ಪೈಪು ಕಟ್ಟಿದ್ದು ಎಂದು ರಮಾನಾಥರು ಅಲ್ಲೇ ನಿರ್ಧರಿಸಿಬಿಟ್ಟರು. ಪೈಪು ಹೊಸದಾಗಿ ಹಾಕಿಸುವುದು, ಕುಚ್ಚಲಕ್ಕಿ ನಿಲ್ಲಿಸುವುದು, ಎರಡೂ ಒಂದೇ ಉಸಿರಿನಲ್ಲಿ ತೀರ್ಮಾನವಾಯಿತು.

ಉಡುಪಿ ಕಡೆಯವಳಾದ ರಾಜೀವಿಗೆ ಕುಕ್ಕರಿನ ಅನ್ನ ಉಂಡರೆ ಉಂಡ ಹಾಗೇ ಆಗುತ್ತಿರಲಿಲ್ಲ. ಹಸಿವೆಯನ್ನಾದರೂ ತಡೆದುಕೊಂಡಾಳು, ಹುಟ್ಟಿದಂದಿನಿಂದ ಉಂಡ ಅನ್ನವನ್ನೇ ಕಳ್ಳನ ಹಾಗೆ ಹೊರಗೆ ಹಾಕಿದರಲ್ಲ ಎಂಬ ಸಿಟ್ಟು ಮಾತ್ರ ತಡೆಯುವಂಥದ್ದಾಗಿರಲಿಲ್ಲ.

ಪೈಪು ಕೆಲಸದ ಸನಾತನ ಮಿಸ್ತ್ರಿ ಅಡುಗೆಮನೆಯ ನೆಲ ಒಡೆದ ದಿನ ಅವಳು ಸೆರಗು ಸಿಕ್ಕಿಸಿಕೊಂಡು ಗುಂಡಿಯ ಪಕ್ಕದಲ್ಲೇ ಕೂತಳು. ಸಿಂಕಿನಿಂದ ಕಟ್ಟಡದ ಹೊರಗೋಡೆಯ ದೊಡ್ಡ ಕೊಳವೆಗೆ ನೇರ ಹೋದರೆ ನಾಲ್ಕು ಹೆಜ್ಜೆ. ಆದರೆ ಹಳೆಯ ಪೈಪು ನೇರ ಹೋಗದೆ, ಮೂಲೆಯಲ್ಲಿದ್ದ ದೇವರ ಮಂಟಪಕ್ಕೆ ಅರ್ಧ ಪ್ರದಕ್ಷಿಣೆ ಹಾಕಿ, ಎರಡು ಕಡೆ ಗಕ್ಕನೆ ತಿರುಗಿ, ಕೊನೆಯ ತಿರುವಿನಲ್ಲಿ ತಲೆ ಎತ್ತಿಕೊಂಡಿತ್ತು. ಅವಳು ಒಂದು ಚೊಂಬು ನೀರು ಹೊಯ್ದಳು. ಹೋದ ನೀರು ಆ ತಿರುವಿನಲ್ಲಿ ತಡೆದು ಅರ್ಧ ಹಿಂದಕ್ಕೇ ಬಂತು.

ರಾಜೀವಿಗೆ ಎಲ್ಲ ನೆನಪಾಯಿತು. ಮನೆ ಕೊಂಡಾಗ ರಮಾನಾಥರೇ ನಿಂತು ಮಾಡಿಸಿದ್ದ ಪೈಪು ಇದು. ದೇವರ ಅಡಿಯಲ್ಲಿ ಮುಸುರೆ ನೀರು ಹರಿಯಬಾರದು ಎಂದು ಸುತ್ತು ಹಾಕಿಸಿದ್ದರು.

"ಈಗಲೂ ಸಾಹೇಬರು ಅದೇ ದಾರಿ ಹೇಳಿದ್ದಾರೆ," ಅಂದ ಮಿಸ್ತ್ರಿ ಹಿಂದಿಯಲ್ಲಿ.

"ಸಾಹೇಬರು ಹೇಳಿದ ಮಾತು ನೀರು ಕೇಳ್ತದಾ?" ಅಂದಳು ರಾಜೀವಿ, ಕನ್ನಡದಲ್ಲೇ. ಮಿಸ್ತ್ರಿಗೆ ಅರ್ಥವಾಗಲಿಲ್ಲ, ಆದರೆ ಕೈಯಲ್ಲಿದ್ದ ಹಾರೆ ಕೆಳಗಿಟ್ಟ.

ಸಂಜೆ ರಮಾನಾಥರು ಬೂಟು ಬಿಚ್ಚುವ ಮೊದಲೇ, ಪೈಪು ಮಂಟಪದಡಿಯಿಂದ ನೇರ ಹೋಗಲಿ ಎಂದು ರಾಜೀವಿ ಅಂದಳು, ಜಗಳ ಶುರುವಾಯಿತು.

"ಎಂತ ಮಾತಾಡ್ತಿ ಮಾರಾಯ್ತಿ? ದೇವರ ಕೆಳಗೆ ಎಂಜಲು ನೀರಾ?"

"ದೇವರನ್ನು ಎತ್ತಿದ್ರೆ ಬರ್ತಾರೆ ಮಾರ್ರೆ. ನೀರನ್ನು ಎತ್ತಿದ್ರೆ ಬರ್ಲಿಕ್ಕಿಲ್ಲ, ಅದಕ್ಕೆ ಇಳಿಲಿಕ್ಕೆ ಮಾತ್ರ ಗೊತ್ತುಂಟು."

"ಮತ್ತೂ ಕಟ್ಟಿದ್ರೆ?"

"ಕಟ್ಟಿದ್ರೆ, ಒಂದು ಹನಿ ಕೆಳಗೆ ಬಿದ್ರೆ, ಇನ್ನು ಈ ಮನೆಯಲ್ಲಿ ನಾನು ಕುಚ್ಚಲಕ್ಕಿಯ ಹೆಸರು ಎತ್ತುದಿಲ್ಲ. ಆಯ್ತಾ?"

ಮಾತು ಬಾಯಿಂದ ಬಂದ ಮೇಲೆ ಹೆಚ್ಚಾಯಿತೇನೋ ಅಂತ ಅವಳಿಗೇ ಅನಿಸಿತು. ಆದರೆ ಹಿಂದೆಗೆಯುವ ಪೈಕಿ ಅವಳಲ್ಲ. ಮರುದಿನ ಸ್ನಾನ ಮಾಡಿ, ದೇವರನ್ನು ಒಬ್ಬೊಬ್ಬರಾಗಿ ಎತ್ತಿಕೊಂಡು ಹೋಗಿ ಹಜಾರದ ಪೂರ್ವದ ಗೋಡೆಗೆ ಕೂರಿಸಿ ದೀಪ ಹಚ್ಚಿದಳು. ಕಿಟಕಿಯ ಬೆಳಕು ಬಿದ್ದು ಕೃಷ್ಣ ಮೊದಲಿಗಿಂತ ಗೆಲುವಾಗಿಯೇ ಕಂಡ. ರಮಾನಾಥರು ಅಲ್ಲೇ ಕೈ ಮುಗಿದರು.

ಪೈಪು ಈಗ ನೇರ ಹೊರಟಿತು. ಗಜಕ್ಕೊಂದು ಬೆರಳಿನಷ್ಟು ಇಳಿಜಾರು. ನೀರು ತುಂಬಿದ ಪಾರದರ್ಶಕ ನಳಿಕೆಯ ಒಂದು ತುದಿ ಮಿಸ್ತ್ರಿಯ ಕೈಯಲ್ಲಿ, ಇನ್ನೊಂದು ರಾಜೀವಿಯ ಕೈಯಲ್ಲಿ. ಎರಡು ತುದಿಯ ನೀರಿನ ಮಟ್ಟ ನೋಡಿ ಇಳಿಜಾರು ಅಳೆದರು. ದೊಡ್ಡ ಕೊಳವೆಗೆ ಸೇರುವಲ್ಲಿ ಅಡ್ಡಡ್ಡ ಚುಚ್ಚದೆ, ಹರಿವಿನ ದಿಕ್ಕಿಗೇ ಓರೆಯಾಗಿ ಜೋಡಿಸಿದರು. ವಾಸನೆ ಮೇಲೆ ಬಾರದಂತೆ ಸಿಂಕಿನಡಿ ಸ್ವಲ್ಪ ನೀರು ನಿಲ್ಲುವ ಬಾಗು ಪೈಪು. ಅಂಟು ಒಣಗಿದ ಮೇಲೆ ಪೈಪಿನ ತುದಿಗೆ ಬಿರಡೆ ಜಡಿದು, ನೀರು ತುಂಬಿಸಿ, ಮಟ್ಟಕ್ಕೆ ಪೆನ್ಸಿಲಿನಿಂದ ಗೆರೆ ಎಳೆದರು. ಮಿಸ್ತ್ರಿ ಊಟ ಮುಗಿಸಿ ಬಂದಾಗಲೂ ನೀರು ಗೆರೆಯಲ್ಲೇ ಇತ್ತು, ಅವನು ಬಿರಡೆ ತೆಗೆದ.

"ನೀರು ನಿಂತದ್ದು ಸರಿ, ಗಂಜಿ ಹೋಗ್ಬೇಕಲ್ಲ?" ಅಂದರು ರಮಾನಾಥರು.

ಆದ್ದರಿಂದ ಟೈಲ್ಸು ಮುಚ್ಚುವ ಮೊದಲೇ, ಭಾನುವಾರ, ಡಬ್ಬಿಯ ತಳದಲ್ಲಿ ಉಳಿದ ಅಷ್ಟೂ ಕುಚ್ಚಲಕ್ಕಿ ಬಾಲ್ಕನಿಗೆ ಸಾಗಿಸಿದ್ದ ಒಲೆಯ ಮೇಲೆ ಕುದಿಯಿತು. ಆ ಪರಿಮಳಕ್ಕೇ ರಾಜೀವಿಯ ಕಣ್ಣು ತುಂಬಿತು. ಕೆಳಗೆ ಲಾಹಿರಿ ಬಾಬು ಸೀಲಿಂಗಿನತ್ತ ಕತ್ತೆತ್ತಿ ನಿಂತರು. ಮೇಲೆ ರಮಾನಾಥರು ಟಾರ್ಚು ಹಿಡಿದು ತೆರೆದ ಗುಂಡಿಯ ಬಳಿ ಕುಕ್ಕರುಗಾಲಲ್ಲಿ ಕೂತರು.

ರಾಜೀವಿ ಬಸಿದ ಗಂಜಿಯನ್ನು ಪಾತ್ರೆಯ ಸಮೇತ ಎತ್ತಿ ಒಂದೇ ಸಲಕ್ಕೆ ಸಿಂಕಿಗೆ ಸುರಿದಳು.

ಗಳಗಳ ಅಂದಿತು ಪೈಪು. ಸಿಂಕಿನಲ್ಲಿ ಒಂದು ಕ್ಷಣ ಬಿಳಿ ಸುಳಿ ತಿರುಗಿತು, ಇಳಿಯಿತು, ಖಾಲಿಯಾಯಿತು. ಹಿಂದೆಯೇ ಒಂದು ಬಕೆಟ್ ನೀರು ಸುರಿದಳು, ಅದೂ ಹೋಯಿತು. ರಮಾನಾಥರು ಪ್ರತಿ ಜಾಯಿಂಟಿನ ಕೆಳಗೂ ಬೆರಳಾಡಿಸಿ ನೋಡಿದರು. ಬೆರಳು ಒಣಗಿಯೇ ಇತ್ತು.

ಮೆಟ್ಟಿಲಿನಿಂದ ಲಾಹಿರಿ ಬಾಬುಗಳ ಕೂಗು ಬಂತು: "ಬೌದಿ! ಏಕ್ ಫೋಟಾಓ ಪೊಡೆನಿ!"

ಅತ್ತಿಗೆ, ಒಂದು ಹನಿಯೂ ಬಿದ್ದಿಲ್ಲ! ರಾಜೀವಿ ಪಾತ್ರೆಯನ್ನು ತಲೆಯ ಮೇಲೆತ್ತಿ, "ನೋಡಿದ್ರಾ!" ಎಂದು ಬೀದಿಗೆ ಕೇಳುವ ಹಾಗೆ ಕೂಗಿದಳು. ಇಷ್ಟು ಖುಷಿ ಅವಳಿಗೆ ಈ ಮನೆಯ ಗೃಹಪ್ರವೇಶದಲ್ಲೂ ಆಗಿರಲಿಲ್ಲ. ಮಿಸ್ತ್ರಿ ಚಪ್ಪಾಳೆ ತಟ್ಟಿದ.

ಬಿಸಿ ಅನ್ನ, ಕಾಯಿ ಚಟ್ನಿ, ಮಿಡಿ ಉಪ್ಪಿನಕಾಯಿ. ರಮಾನಾಥರು ಮೂರು ಸಲ ಬಡಿಸಿಕೊಂಡರು. ಕೈ ತೊಳೆದು, ಫೋನು ತೆಗೆದು, ಲೇಕ್ ಮಾರ್ಕೆಟ್ ಕಡೆಯ ದಕ್ಷಿಣದವರ ಅಂಗಡಿಗೆ ತಾವೇ ಕರೆ ಮಾಡಿದರು. ಹೆಂಡತಿಗೆ ಕೇಳಿಸಬಾರದೆಂದು ದನಿ ತಗ್ಗಿಸಿ, "ಕುಚ್ಚಲಕ್ಕಿ ಉಂಟಾ? ಒಂದು ಐದು ಕೆ.ಜಿ..." ಅನ್ನುತ್ತಿದ್ದರು.

"ಐದಲ್ಲ," ರಾಜೀವಿ ಅಡುಗೆಮನೆಯಿಂದಲೇ ಹೇಳಿದಳು, "ಮೂಟೆ ಹೇಳಿ!"