ಹಾಲುಕ್ಕಿದ ಒಲೆ

ವ್ಯಾನಿನೊಳಗೆ ಯಾರ ವಸ್ತುವಿದ್ದರೂ ತಪಾಸಣೆಯ ಹೊತ್ತಿಗೆ ಅದು ಹುಸೈನಬ್ಬನದು. ಈ ಪದ್ಧತಿಯನ್ನು ಮಾಡಿದವನು ಹುಸೈನಬ್ಬನಲ್ಲ. ಕಂಪೆನಿಯ ಮ್ಯಾನೇಜರರಾದ ಯಶ್ವಂತ್ ಶೆಟ್ಟರು.

ಬಹರೈನಿನಲ್ಲಿ ಗಲಭೆ ಶುರುವಾದ ಚಳಿಗಾಲದಲ್ಲಿ ಸಿತ್ರಾದ ಸೇತುವೆಯ ಬಾಯಿಗೆ ಮರಳಿನ ಮೂಟೆಗಳೂ ಕಬ್ಬಿಣದ ಡ್ರಮ್ಮುಗಳೂ ಬಂದು ಕುಳಿತವು. ಪಕ್ಕದಲ್ಲಿ ಬಂದೂಕು ಹೂಡಿದ ಜೀಪು. ಉಮ್ ಅಲ್ ಹಸ್ಸಮ್‌ನಲ್ಲಿ ವಾಸವಿದ್ದ ಕಂಪೆನಿಯ ಜನರನ್ನು ಸಿತ್ರಾದ ವರ್ಕ್‌ಶಾಪಿಗೆ ಒಯ್ದು ಸಂಜೆ ಮರಳಿ ತರುವುದು ಹುಸೈನಬ್ಬನ ಕೆಲಸ. ಮೊದಮೊದಲು ಸಿಪಾಯಿಗಳು ಒಂದೊಂದು ಚೀಲವನ್ನೂ ಎತ್ತಿ ಹಿಡಿದು ಇದು ಯಾರದು ಎಂದು ಕೇಳುತ್ತಿದ್ದರು. ಮಲಯಾಳಿ ಒಂದು ಹೇಳಿದರೆ ಬಂಗಾಳಿ ಇನ್ನೊಂದು ಹೇಳುವನು. ಮಂಗಳೂರಿನವರು ಇಂಗ್ಲಿಷಿನಲ್ಲಿ ವಿವರಿಸಲು ಹೊರಟು ಸಿಪಾಯಿಯ ಹುಬ್ಬನ್ನು ಮತ್ತಷ್ಟು ಗಂಟಿಕ್ಕಿಸುವರು. ಒಂದು ದಿನ ಸ್ಟೋರ್ ಕೀಪರ್ ಕೊಸ್ಮಸನ ಒಣಮೀನಿನ ಪೊಟ್ಟಣದ ವಿಚಾರಣೆ ಮುಗಿಯುವವರೆಗೆ ವ್ಯಾನಿನ ಜನವೆಲ್ಲ ಕೈ ಮೇಲೆತ್ತಿ ಬಿಸಿಲಿನಲ್ಲಿ ನಿಲ್ಲಬೇಕಾಯಿತು. ಅಂದೇ ಯಶ್ವಂತರ ಅಪ್ಪಣೆಯಾಯಿತು.

"ಇನ್ನು ಮೇಲೆ ಯಾರೂ ಬಾಯಿ ಬಿಡ್ಲಿಕ್ಕಿಲ್ಲ. ಹುಸೈನಬ್ಬ, ನೀವೊಬ್ಬರೇ ಮಾತಾಡಿ. ನಿಮ್ಗೆ ಅವರ ಭಾಷೆ ಬರ್ತದೆ, ಸಲಾಮ್ ಹೇಳ್ಲಿಕ್ಕೂ ಬರ್ತದೆ. ಯಾರದ್ದು ಅಂತ ಕೇಳಿದ್ರೆ ಎಲ್ಲ ನನ್ನದು ಅಂತ ಹೇಳಿ. ಮುಗೀತು."

"ಎಲ್ಲವೂ ಇವರದ್ದಾ?" ಎಂದ ಕೊಸ್ಮಸ್. "ಹಾಗಾದ್ರೆ ನಾನು ಹೆಂಡತಿಯನ್ನು ಈ ವ್ಯಾನಿಗೆ ಹತ್ತಿಸುದಿಲ್ಲ ಮಾರಾಯ್ರೇ."

ಎಲ್ಲರೂ ನಕ್ಕರು. ಪದ್ಧತಿ ಫಲಿಸಿತು. ಸಿಪಾಯಿಗಳಲ್ಲಿ ಬಲೂಚಿಸ್ತಾನದ ಕಡೆಯವರು ಬಹಳ. ಉರ್ದು ಅವರಿಗೆ ಸಲೀಸು. ಹುಸೈನಬ್ಬ ಗಾಜು ಇಳಿಸಿ ಸಲಾಮ್ ಹೇಳುವನು. "ಕಿಸ್ಕಾ ಹೈ?" ಎಂದರೆ, "ಮೇರಾ ಹೈ, ಸಾಬ್" ಎನ್ನುವನು. ಸಿಪಾಯಿ ಕೈ ಬೀಸುವನು. ದಿನ ಕಳೆದಂತೆ ಆ ಮಾತು ಎಷ್ಟು ರೂಢಿಯಾಯಿತೆಂದರೆ, ಮನಸ್ಸು ಪ್ರಶ್ನೆಯನ್ನು ಕೇಳಿಸಿಕೊಳ್ಳುವ ಮೊದಲೇ ನಾಲಿಗೆ ಉತ್ತರ ಕೊಟ್ಟಿರುತ್ತಿತ್ತು.

ಇದರ ಪ್ರತಿಫಲವಾಗಿಯೋ ಎಂಬಂತೆ ಯಶ್ವಂತ್ ಅವನಿಗೊಂದು ಉಪಕಾರ ಮಾಡಿದ್ದರು. ವೀಸಾ ಕೊಡುವ ಅರಬ ಯಜಮಾನನಿಗೆ ಅಲ್ಲಿ ಅರ್ಬಾಬ ಎನ್ನುತ್ತಾರೆ. ಆ ಅರ್ಬಾಬನೊಡನೆ ಮಾತನಾಡಿ, ಹುಸೈನಬ್ಬನ ಮಗ ಶಹೀರನಿಗೊಂದು ವೀಸಾ ಕೊಡುವಂತೆ ಒಪ್ಪಿಸಿದ್ದರು. ಬರುವ ತಿಂಗಳು ಕಾಗದ ಕೈಸೇರುವುದಿತ್ತು. ಉಳ್ಳಾಲದ ಮನೆಯಲ್ಲಿ ಹೆಂಡತಿ ಸೌದಾ ಆಗಲೇ ಮಗನಿಗೆ ಸೂಟ್‌ಕೇಸು ಕೊಂಡು, ಅಟ್ಟದ ಇಲಿಗೆ ಹೆದರಿ, ಅದನ್ನು ಮಂಚದ ಕೆಳಗೆ ಇಟ್ಟುಕೊಂಡಿದ್ದಳು.

ಆ ವಸಂತದಲ್ಲಿ ಯಶ್ವಂತರಿಗೆ ಬಡ್ತಿಯಾಗಿ ಬುದಯ್ಯದ ಕಡೆ ಕಾಂಪೌಂಡಿನೊಳಗೊಂದು ಮನೆ ಸಿಕ್ಕಿತು. ಸೊಗಸಾದ ಮನೆ; ಅಡುಗೆಯ ಒಲೆಯೂ ಕರೆಂಟಿನದು. ಕಪ್ಪು ಬಿಲ್ಲೆಗಳು ಕೆಂಪಗೆ ಕಾಯುತ್ತವೆ, ಉರಿ ಏಳುವುದಿಲ್ಲ. ಯಶ್ವಂತರ ಹೆಂಡತಿ ನೀರಜಾಕ್ಷಿಗೆ ಅದು ಸರಿಕಾಣಲಿಲ್ಲ. ಹೊಸಮನೆ ಹೊಕ್ಕ ದಿನ ಮೊದಲು ಹಾಲುಕ್ಕಬೇಕು; ಅದೂ ಕಣ್ಣಿಗೆ ಕಾಣುವ ಉರಿಯಲ್ಲಿ ಉಕ್ಕಬೇಕು. ಊರಿನ ಭಟ್ಟರು ಫೋನಿನಲ್ಲಿ ಶುಕ್ರವಾರ ಬೆಳಗಿನ ಮುಹೂರ್ತ ಹೇಳಿದ್ದರು. ಆದುದರಿಂದ ಹಳೆಯ ಮನೆಯ ಗ್ಯಾಸ್ ಸಿಲಿಂಡರು ಹೊಸ ಮನೆಗೆ ಹೋಗಬೇಕೆಂದು ನಿಶ್ಚಯವಾಯಿತು.

ಶುಕ್ರವಾರ ವ್ಯಾನು ತಂದು ನಿಲ್ಲಿಸಿದ ಹುಸೈನಬ್ಬ ಸಿಲಿಂಡರನ್ನು ಕಂಡು ಅಲ್ಲಿಯೇ ನಿಂತ.

"ಅಕ್ಕ, ಇದೊಂದು ಬೇಡ."

"ಮತ್ತೆ? ಬಿಲ್ಲೆಯ ಮೇಲೆ ಹಾಲಿಟ್ರೆ ಶಾಸ್ತ್ರ ಆಗ್ತದಾ? ಅಗ್ನಿ ಬೇಡ್ವಾ ಹುಸೈನಬ್ಬ, ನೀವೇ ಹೇಳಿ."

"ನಿಮ್ಮ ಶಾಸ್ತ್ರ ನಂಗೆ ಗೊತ್ತಿಲ್ಲ ಅಕ್ಕ. ಸಿಲಿಂಡರಿನ ಕತೆ ಗೊತ್ತುಂಟು. ಮೊನ್ನೆ ಮೊನ್ನೆ ಹಳ್ಳಿಯ ಕಡೆ ಗಲಭೆಯವರು ಇದನ್ನೇ ಅಲ್ವಾ ಸಿಡಿಸಿದ್ದು? ಅಂಗಡಿಯವನೇ ಪೊಲೀಸರ ಕಾಗದ ಇಲ್ಲದೆ ಲಾರಿ ಹೊರಡಿಸುದಿಲ್ಲ."

"ಉರಿ ಬೇಕಾದ್ರೆ ನಮ್ಮ ಇಗರ್ಜಿಯ ಮೇಣದಬತ್ತಿ ಕೊಡ್ತೇನೆ ಬಾಯೀ," ಎಂದ ಕೊಸ್ಮಸ್. ಪಾತ್ರೆ ಇಳಿಸಲು ಸಹಾಯಕ್ಕೆಂದು ಬಂದವನು ಅವನು. "ಹಾಲು ಜಾತಿ ಕೇಳುದಿಲ್ಲ."

"ನೀನು ಸುಮ್ನಿರು ಕೊಸ್ಮಸ್," ಎಂದು ನೀರಜಾಕ್ಷಿ ಸಿಲಿಂಡರಿನ ಹೆಗಲಿಗೆ ಕುಂಕುಮದ ಬೊಟ್ಟುಗಳನ್ನಿಟ್ಟಳು. ಅದರ ಮೇಲೆ ಹೊಸ ಹಾಸುಬಟ್ಟೆಯನ್ನು ಹೊದಿಸಿ ಅಂಚುಗಳನ್ನು ಸಿಕ್ಕಿಸಿದಳು. "ಕಾಣದಿದ್ರೆ ಕೇಳುದಿಲ್ಲ."

"ಮುಚ್ಚಿದ್ರೆ ಇನ್ನೂ ಕಷ್ಟ ಅಕ್ಕ."

ಯಶ್ವಂತ್ ಗಡಿಯಾರ ನೋಡುತ್ತ ಹೊರಗೆ ಬಂದರು. ವಿಷಯ ತಿಳಿದು ಅವರ ಮುಖದಲ್ಲಿ ಕ್ಷಣಕಾಲ ಅನುಮಾನ ಮೂಡಿತು. ಹೆಂಡತಿಯ ಮುಖ ನೋಡಿದ ಮೇಲೆ ಅದು ಮಾಯವಾಯಿತು.

"ನಿಮ್ಮನ್ನು ಕಂಡ್ರೆ ಅವರು ಕೈ ಬೀಸಿ ಬಿಡ್ತಾರೆ ಹುಸೈನಬ್ಬ. ಇಷ್ಟು ದಿನ ಬಿಡ್ಲಿಲ್ವಾ? ಮತ್ತೆ ನಾನಿದ್ದೇನಲ್ಲ ಜೊತೆಗೆ."

ನಾನಿದ್ದೇನಲ್ಲ ಎಂದವರು ಶಹೀರನ ವೀಸಾಕ್ಕೆ ಅರ್ಬಾಬನನ್ನು ಒಪ್ಪಿಸಿದವರು. ಅವರಿಗೆ ಇಲ್ಲವೆನ್ನುವ ಸ್ಥಿತಿಯಲ್ಲಿ ಹುಸೈನಬ್ಬ ಇರಲಿಲ್ಲ. ಸಿಲಿಂಡರನ್ನು ತಾನೇ ಎತ್ತಿ ಹಿಂಬದಿಯಲ್ಲಿಟ್ಟು, ಉರುಳದಂತೆ ಅಕ್ಕಿಯ ಚೀಲವನ್ನು ಒತ್ತರಿಸಿದ. ನೀರಜಾಕ್ಷಿ ದೀಪವನ್ನೂ ದೇವರ ಪಟವನ್ನೂ ಹಿಡಿದು ನೆರೆಯವರ ಕಾರಿನಲ್ಲಿ ಮುಂದೆ ಹೋದಳು. ವ್ಯಾನಿನಲ್ಲಿ ಉಳಿದವರು ಮೂವರು.

ಬುದಯ್ಯದ ರಸ್ತೆಯ ಎರಡೂ ಬದಿಗೆ ಖರ್ಜೂರದ ತೋಟಗಳು, ತೋಟಗಳ ನಡುವೆ ಹಳ್ಳಿಗಳು. ಗೋಡೆಗಳ ಮೇಲೆ ರಾತ್ರಿ ಬರೆದ ಘೋಷಣೆಗಳಿಗೆ ಬೆಳಿಗ್ಗೆ ಸುಣ್ಣ ಬಳಿದ ತೇಪೆಗಳಿದ್ದವು. ಶುಕ್ರವಾರದ ನಮಾಜಿಗೆ ಜನ ಸೇರುವ ದಿನವೆಂದು ತಪಾಸಣೆಗೆ ಹೆಚ್ಚು ಸಿಪಾಯಿಗಳನ್ನು ನಿಲ್ಲಿಸಿದ್ದರು. ಸಿತ್ರಾದವರು ಹುಸೈನಬ್ಬನನ್ನು ಬಲ್ಲರು. ಇವರಲ್ಲಿ ಒಬ್ಬನೂ ಅರಿಯನು.

ಸಲಾಮ್ ಹೇಳಿದ. ಉತ್ತರ ಬಂತು. ಗುರುತಿನ ಸಿ.ಪಿ.ಆರ್. ಕಾರ್ಡುಗಳನ್ನು ತಿರುವಿ ಮುರುವಿ ನೋಡಿದರು. ಮೀಸೆ ಈಗಷ್ಟೇ ಚಿಗುರಿದ್ದ ಒಬ್ಬ ಸಿಪಾಯಿ ಹಿಂಬಾಗಿಲು ತೆರೆದು ಹಾಸುಬಟ್ಟೆಯನ್ನು ಬಂದೂಕಿನ ತುದಿಯಿಂದ ಸರಿಸಿದ. ಕಂಡದ್ದು ಸಿಲಿಂಡರು, ಅದರ ಮೇಲೆ ಕೆಂಪು ಗುರುತುಗಳು. ಅವನು ಕೂಗುತ್ತ ಹಿಂದಕ್ಕೆ ಹಾರಿದ. ಮುಂದಿನ ಗಳಿಗೆಯಲ್ಲಿ ವ್ಯಾನಿನ ಸುತ್ತ ಬಂದೂಕುಗಳ ಬಾಯಿಗಳಿದ್ದವು.

"ಕಿಸ್ಕಾ ಹೈ?"

"ಮೇರಾ ಹೈ, ಸಾಬ್."

ಮಾತು ಹೊರಬಿದ್ದ ಮೇಲೆ ಹುಸೈನಬ್ಬನಿಗೆ ತಾನು ಹೇಳಿದ್ದೇನೆಂದು ಅರಿವಾಯಿತು. ಕನ್ನಡಿಯಲ್ಲಿ ನೋಡಿದ. ಕೊಸ್ಮಸ್ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಳ್ಳುತ್ತಿದ್ದ. ಯಶ್ವಂತ್ ಖರ್ಜೂರದ ಮರಗಳನ್ನು ನೋಡುತ್ತಿದ್ದರು.

ಠಾಣೆಯಲ್ಲಿ ಕೊಸ್ಮಸನನ್ನು ಬೇಗ ಬಿಟ್ಟರು. ಯಶ್ವಂತರಿಗೆ ಕುರ್ಚಿ ಕೊಟ್ಟರು, ಚಹವನ್ನೂ ಕೊಟ್ಟರು. ಹುಸೈನಬ್ಬನನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದರು. ಸ್ವಲ್ಪ ಓರೆಯಾದರೆ ತೆರೆದ ಬಾಗಿಲಿನಿಂದ ಒಳಗಿನ ಮೇಜು ಕಾಣುತ್ತಿತ್ತು. ಮೇಜಿನ ಫೋನನ್ನು ಯಶ್ವಂತ್ ಎತ್ತಿದರು, ಬಾಯಿಗೆ ಕೈ ಅಡ್ಡ ಹಿಡಿದು ತಗ್ಗಿದ ದನಿಯಲ್ಲಿ ಏನೋ ಹೇಳಿ ಇಟ್ಟರು, ಮತ್ತೊಮ್ಮೆ ಎತ್ತಿದರು. ಅರ್ಬಾಬನನ್ನು ಕರೆಯುತ್ತಿದ್ದಾರೆ, ತನಗಾಗಿ ಕರೆಯುತ್ತಿದ್ದಾರೆ ಎಂದು ಹುಸೈನಬ್ಬನ ಜೀವ ಹಿಡಿಯಷ್ಟು ಹಿಗ್ಗಿತು.

ಸ್ವಲ್ಪ ಹೊತ್ತಿನ ಬಳಿಕ ಯಶ್ವಂತ್ ನೀರು ಕುಡಿಯುವ ನೆಪದಲ್ಲಿ ಹತ್ತಿರ ಬಂದರು.

"ಅರ್ಬಾಬರಿಗೆ ಹೇಳಿದ್ದೇನೆ ಹುಸೈನಬ್ಬ. ನೀವು ಒಮ್ಮೆ ಹೇಳಿದ್ದನ್ನು ಬದಲಿಸ್ಬೇಡಿ. ಬದಲಿಸಿದ್ರೆ ಇಬ್ಬರೂ ಸಿಕ್ಕಿ ಬೀಳ್ತೇವೆ."

"ನಾನು ಅಭ್ಯಾಸದಲ್ಲಿ ಹೇಳಿದ್ದು ಸರ್. ನಿಮ್ಗೆ ಗೊತ್ತುಂಟು."

"ನಂಗೆ ಗೊತ್ತಿಲ್ಲದ್ದಾ? ಅಭ್ಯಾಸ ಅಂತ ಅವರಿಗೆ ಹೇಳ್ಲಿಕ್ಕೆ ಆಗ್ತದಾ?"

"ನೀವು ಒಂದು ಮಾತು ಹೇಳಿದ್ರೆ ಸಾಕು. ಇದು ನಮ್ಮ ಮನೆಯದ್ದು, ಹಾಲು ಕಾಯಿಸ್ಲಿಕ್ಕೆ ತಂದದ್ದು ಅಂತ. ನಿಮ್ಮ ಇಂಗ್ಲಿಷಿಗೆ ಅವರು ಮರ್ಯಾದೆ ಕೊಡ್ತಾರೆ ಸರ್."

ಯಶ್ವಂತ್ ಲೋಟವನ್ನು ಕೈಯಲ್ಲಿ ತಿರುಗಿಸಿದರು. "ಶಹೀರನದ್ದು ನಾನು ನೋಡಿಕೊಳ್ತೇನೆ. ಅದರ ಚಿಂತೆ ಬಿಡಿ."

ಆ ಮಾತಿನ ಟೊಳ್ಳು ಹುಸೈನಬ್ಬನಿಗೆ ಕೇಳಿಸಿತು. ಪೊಲೀಸರು ದೇಶ ಬಿಡಿಸಿದವನ ಮಗನಿಗೆ ಆ ದೇಶ ವೀಸಾ ಕೊಡುವುದಿಲ್ಲ. ಇದು ಡ್ರೈವರಿಗೆ ತಿಳಿದಿತ್ತು. ವೀಸಾದ ಕಾಗದಗಳಿಗೆ ದಿನವೂ ಸಹಿ ಹಾಕುವ ಮ್ಯಾನೇಜರಿಗೆ ತಿಳಿಯದಿರಲು ಸಾಧ್ಯವಿರಲಿಲ್ಲ. ತಾನು ಉಳಿದರೆ ಮಗನೂ ಬರುವನು. ತಾನು ಹೋದರೆ ಇಬ್ಬರೂ ಹೋದಂತೆ. ಉಳಿಯಬೇಕಾದರೆ ನಿಜವನ್ನು ಹೇಳುವುದೊಂದೇ ದಾರಿ ಎಂದು ನಿರ್ಧರಿಸಿದ.

ಅಧಿಕಾರಿ ನಡುವಯಸ್ಸಿನವನು. ಗದರಲಿಲ್ಲ. ಹುಸೈನಬ್ಬ ತನಗೆ ತಿಳಿದ ಅರಬಿಯಲ್ಲಿ ಎಲ್ಲವನ್ನೂ ಹೇಳಿದ: ಹೊಸ ಮನೆ, ಹಾಲು, ಹಾಲು ಉಕ್ಕಿ ಚೆಲ್ಲಬೇಕಾದುದು, ಸಿಲಿಂಡರು ಈ ಸರ್ ಅವರ ಮನೆಯದು, ಕೆಂಪು ಗುರುತು ಪೂಜೆಯದು.

"ನೀನು ಮುಸಲ್ಮಾನ," ಎಂದ ಅಧಿಕಾರಿ. "ಹಾಲು ಚೆಲ್ಲಿದರೆ ಮನೆಗೆ ಒಳಿತೆಂದು ನನಗೆ ಹೇಳುತ್ತಿದ್ದೀಯಾ?"

"ನನ್ನ ಮನೆಗಲ್ಲ. ಅವರ ಮನೆಗೆ."

"ರಸ್ತೆಯಲ್ಲಿ ನಿನ್ನದು ಎಂದೆ."

"ಯಾವಾಗಲೂ ಹಾಗೆಯೇ ಹೇಳುವುದು."

ಅಧಿಕಾರಿ ಆ ಉತ್ತರವನ್ನು ನಿಧಾನವಾಗಿ ಬರೆದುಕೊಂಡ. ಆಮೇಲೆ ಯಶ್ವಂತರತ್ತ ತಿರುಗಿ ಇಂಗ್ಲಿಷಿನಲ್ಲಿ ಕೇಳಿದ.

"ನಿಮ್ಮ ಹೊಸ ಮನೆಯಲ್ಲಿ ಒಲೆ ಇಲ್ಲವೇ?"

"ಇದೆ. ಕರೆಂಟಿನದು."

"ಕೆಟ್ಟಿದೆಯೇ?"

"ಇಲ್ಲ."

"ಅದರಲ್ಲಿ ಹಾಲು ಕಾಯುವುದಿಲ್ಲವೇ?"

"ಕಾಯುತ್ತದೆ."

"ಹಾಗಾದರೆ ಗ್ಯಾಸಿನ ಅಗತ್ಯ?"

ಯಶ್ವಂತ್ ಬೆರಳಿನ ಉಂಗುರವನ್ನು ಒಂದು ಸುತ್ತು ತಿರುಗಿಸಿದರು. ಹುಸೈನಬ್ಬ ಅವರ ಬಾಯಿಯನ್ನೇ ನೋಡುತ್ತಿದ್ದ. ಶಾಸ್ತ್ರವೆಂಬ ಒಂದು ಮಾತು ಆ ಬಾಯಿಂದ ಬಂದಿದ್ದರೆ ಸಾಕಾಗಿತ್ತು.

"ಅಗತ್ಯವಿಲ್ಲ," ಎಂದರು ಯಶ್ವಂತ್.

ಪ್ರತಿಯೊಂದು ಉತ್ತರವೂ ಸರಿಯಾಗಿತ್ತು; ಮೊತ್ತ ಮಾತ್ರ ಸುಳ್ಳು.

ಹುಸೈನಬ್ಬನಿಗೂ ಗಲಭೆಗೂ ಸಂಬಂಧವಿಲ್ಲವೆಂದು ಪೊಲೀಸರಿಗೆ ಕೆಲವೇ ದಿನಗಳಲ್ಲಿ ಮನವರಿಕೆಯಾಯಿತು. ಆದರೆ ಸಿಲಿಂಡರನ್ನು ಬಟ್ಟೆಯಲ್ಲಿ ಮುಚ್ಚಿ ತಂದವನು, ಒಂದು ಮಾತು ಹೇಳಿ ಇನ್ನೊಂದಕ್ಕೆ ತಿರುಗಿದವನು ಈ ದೇಶದಲ್ಲಿ ಇರಬಾರದೆಂದು ಅವರು ಬರೆದರು. ಅರ್ಬಾಬ ವಾದಿಸಲಿಲ್ಲ. ಡ್ರೈವರುಗಳಿಗೆ ಬರವಿರಲಿಲ್ಲ.

ವಿಮಾನಕ್ಕೆ ಒಯ್ಯುವ ದಿನ ಬಟ್ಟೆಬರೆಯ ಚೀಲ ಹಿಡಿದು ಬಂದವನು ಕೊಸ್ಮಸ್. ಅರ್ಬಾಬನ ಕಪಾಟಿನಲ್ಲಿದ್ದ ಪಾಸ್‌ಪೋರ್ಟನ್ನೂ ತಂದು ಪೊಲೀಸನ ಕೈಗೆ ಕೊಟ್ಟ. ಪೊಲೀಸ ಅದನ್ನು ಬಿಡಿಸಿ ಚಿತ್ರವನ್ನೂ ಮುಖವನ್ನೂ ಹೋಲಿಸಿ ನೋಡಿದ. ಚಿತ್ರದಲ್ಲಿದ್ದವನ ಗಡ್ಡ ಪೂರ್ತಿ ಕಪ್ಪಗಿತ್ತು.

"ಸರ್ ಬರ್ಲಿಲ್ವಾ?"

"ಆಡಿಟ್ ಉಂಟಂತೆ." ಕೊಸ್ಮಸ್ ನೆಲ ನೋಡಿದ. "ನಾನಾದ್ರೂ ಆ ದಿನ ಹೇಳ್ಬಹುದಿತ್ತು ಹುಸೈನಬ್ಬ."

"ಹೇಳ್ಲಿಲ್ಲ."

"ಹೆಂಡತಿ ಮಕ್ಕಳು ಇಲ್ಲೇ ಇದ್ದಾರೆ ಮಾರಾಯ್ರೇ."

"ನನ್ನವರು ಊರಲ್ಲಿದ್ದಾರೆ. ಶಹೀರನ ಕಾಗದ?"

ಕೊಸ್ಮಸ್ ತಲೆಯಲ್ಲಾಡಿಸಿದ. ಕೇಳುವ ಮೊದಲೇ ಹುಸೈನಬ್ಬನಿಗೆ ಗೊತ್ತಿತ್ತು. ಆದರೂ ಕೇಳದೆ ಹೋಗಲು ಮನಸ್ಸು ಬಂದಿರಲಿಲ್ಲ. ಮಂಚದ ಕೆಳಗಿನ ಸೂಟ್‌ಕೇಸನ್ನು ಸೌದಾ ಇನ್ನು ಯಾವುದಕ್ಕೆ ಬಳಸಿಯಾಳು?

"ಆ ದಿನದ ಹಾಲು?" ಎಂದು ಕೇಳಿದ.

"ಹಾಲಾ?" ಕೊಸ್ಮಸ್ ಹಿಂಜರಿದ. "ಉಕ್ಕಿಸಿದ್ರು. ನಾನು ಟ್ಯಾಕ್ಸಿ ಮಾಡಿ ಹೊಸ ಮನೆಗೆ ಮುಟ್ಟುವಷ್ಟರಲ್ಲಿ ಸರ್ ಅವರ ಫೋನ್ ಬಂತು, ಸ್ಟೇಶನ್ನಿಂದ. ಮುಹೂರ್ತ ಮೀರಿಸ್ಬೇಡಿ, ಇದ್ದ ಒಲೆಯಲ್ಲೇ ಇಡಿ ಅಂತ."

ಮೊದಲ ಫೋನು ಯಾರಿಗೆ ಹೋಗಿತ್ತೆಂದು ಹುಸೈನಬ್ಬನಿಗೆ ಈಗ ತಿಳಿಯಿತು.

"ಉಕ್ಕಿತಾ?"

"ಉಕ್ಕಿತು. ಚೆಂದ ಉಕ್ಕಿತು. ಬಿಲ್ಲೆಯ ಮೇಲೆಲ್ಲ ಚೆಲ್ಲಿ ಮನೆಯಿಡೀ ಸೀದ ವಾಸನೆ." ಹೇಳಿ ಮುಗಿಸಿದ ಮೇಲೆ ಕೊಸ್ಮಸ್ ಚೀಲದಿಂದ ಒಂದು ಸ್ಟೀಲಿನ ಡಬ್ಬಿ ತೆಗೆದು ಬೆಂಚಿನ ಮೇಲಿಟ್ಟ. "ನೀರಜಾಕ್ಷಿ ಬಾಯಿ ಕೊಟ್ಟದ್ದು. ಗೋಧಿ ಲಾಡು. ದಾರಿಗೆ."

ಹುಸೈನಬ್ಬ ಡಬ್ಬಿಯನ್ನು ಮುಟ್ಟಲಿಲ್ಲ. ಹೊರಡುವ ಹೊತ್ತಾಯಿತೆಂದು ಪೊಲೀಸ ಬಾಗಿಲಿಗೆ ಬಂದ. ಬೆಂಚನ್ನು ನೋಡಿ ಡಬ್ಬಿಯನ್ನು ಲಾಠಿಯಿಂದ ತಟ್ಟಿದ.

"ಕಿಸ್ಕಾ ಹೈ?"

ಹುಸೈನಬ್ಬ ಬಟ್ಟೆಯ ಚೀಲವನ್ನು ಹೆಗಲಿಗೇರಿಸಿದ.

"ಮೇರಾ ನಹೀಂ, ಸಾಬ್," ಎಂದ.

ಪೊಲೀಸನ ದೃಷ್ಟಿ ಕೊಸ್ಮಸನತ್ತ ತಿರುಗಿತು. ಹುಸೈನಬ್ಬ ಆಗಲೇ ಬಾಗಿಲು ದಾಟಿದ್ದ.