ನಿಂಗವ್ವನ ಬಹುವಚನ

"ಏ ನಿಂಗೀ, ಕಣ್ಣು ಎಲ್ಲಿ ಇಟ್ಟೀ? ಇದು ದಿಂಬಿನ ಗಲೀಫೋ, ನಿಮ್ಮ ಕೇರಿ ಕೌದಿಯೋ? ಬಿಚ್ಚು ಇದನ್ನ. ಮತ್ತ ಹೊಲಿ."

ವೇಣುಗೋಪಾಲ ಗಲೀಫನ್ನು ಎರಡು ಬೆರಳಲ್ಲಿ ಎತ್ತಿ, ಸತ್ತ ಇಲಿಯನ್ನು ತಿಪ್ಪೆಗೆ ಎಸೆಯುವವನಂತೆ ನಿಂಗವ್ವನ ಮಷೀನಿನ ಮೇಲೆ ಒಗೆದ. ಅವಳು ಪೆಡಲಿನಿಂದ ಕಾಲು ತೆಗೆದಳು. ಹೊಲಿಗೆ ಸೊಟ್ಟಾಗಿದ್ದದ್ದು ನಿಜ. ಮಷೀನಿನ ಹಲ್ಲು ಸವೆದು ಬಟ್ಟೆ ಜಾರುತ್ತದೆಂದು ಅವಳು ಚಳಿಗಾಲದಿಂದ ಹೇಳುತ್ತಲೇ ಇದ್ದಳು.

"ಮಷೀನ ಕೆಟ್ಟೈತ್ರಿ ಸರ."

"ಮಷೀನ ಜರ್ಮನಿದು ಅದ. ಕೆಟ್ಟದ್ದು ಯಾವುದು ಅಂತ ನನಗ ಗೊತ್ತದ."

ಇಷ್ಟು ಹೇಳಿದ ಬಾಯಿ ಪಕ್ಕದ ಮಷೀನಿನ ಕಡೆ ಹೊರಳಿತು. ಅಲ್ಲಿ ರಷ್ಯಾದ ವಾಲ್ಯಾ ಚಾದರದ ಅಂಚು ಮಡಿಸುತ್ತಿದ್ದಳು. "ವ್ಯಾಲೆಂಟಿನಾ, ಕುಡ್ ಯೂ ಪ್ಲೀಸ್ ಲುಕ್ ಅಟ್ ದಿಸ್ ಪೈಲ್, ವೆನ್ ಯೂ ಹ್ಯಾವ್ ಎ ಮೊಮೆಂಟ್?" ಅದೇ ಬಾಯಿ, ಅದೇ ಹಲ್ಲು. ನಡುವೆ ಉಗುಳು ನುಂಗುವಷ್ಟು ಹೊತ್ತೂ ಆಗಿರಲಿಲ್ಲ.

ಕಾರ್ಖಾನೆ ಇದ್ದದ್ದು ಪರದೇಶದಲ್ಲಿ, ಮಿಸಿಸಾಗದ ಹತ್ತಿರದ ವಾನ್ ಎಂಬ ಊರಿನಲ್ಲಿ, ಹೆದ್ದಾರಿಯ ಹಿಂದೆ, ಒಂದೇ ಮುಖದ ಗೋದಾಮುಗಳ ಸಾಲಿನಲ್ಲಿ. ಹೋಟೆಲು, ಆಸ್ಪತ್ರೆಗಳಿಗೆ ಚಾದರ, ಗಲೀಫು ಹೊಲಿದು ಕಳಿಸುವ ಕೆಲಸ. ಹೊಲಿಯುವವರೆಲ್ಲ ಹೆಂಗಸರು. ಪಂಜಾಬಿನವರು, ಜಾಫ್ನಾದ ತಮಿಳರು, ಫಿಲಿಪ್ಪೀನಿನವರು. ಅವರ ನಡುವೆ ವಾಲ್ಯಾ ಒಬ್ಬಳು, ಹುಬ್ಬಳ್ಳಿಯ ನಿಂಗವ್ವ ಒಬ್ಬಳು. ಯಜಮಾನ ವೇಣುಗೋಪಾಲ ಧಾರವಾಡದ ಮಾಳಮಡ್ಡಿಯವನು. ರಾಜ್ಯೋತ್ಸವ ಬಂತೆಂದರೆ ಮಿಸಿಸಾಗದ ಯಾವುದಾದರೂ ಶಾಲೆಯ ಸಭಾಂಗಣದಲ್ಲಿ ರುಮಾಲು ಸುತ್ತಿಕೊಂಡು ನಿಂತು, ಕನ್ನಡಿಗರ ಹೃದಯ ಎಷ್ಟು ದೊಡ್ಡದೆಂದು ಮೈಕಿನ ಮುಂದೆ ಅಳುತ್ತಿದ್ದ. ಅತ್ತ ಮೇಲೆ ಮೂಗು ಒರೆಸಿಕೊಳ್ಳುವ ಬಿಳಿ ಕರವಸ್ತ್ರವನ್ನೂ ಈ ಹೆಂಗಸರೇ ಚಾದರದ ತುಂಡಿನಲ್ಲಿ ಹೊಲಿದುಕೊಟ್ಟಿರುತ್ತಿದ್ದರು.

ನಿಂಗವ್ವನ ಗಂಡ ಮರಿಯಪ್ಪ ಮಟನ್ ಖಾನಾವಳಿಯ ಒಲೆ ಮುಂದೆ ಬೆಳೆದವ. ದುಬೈ ಕಂಡು, ಅಲ್ಲಿಂದ ಮಿಸಿಸಾಗದ ಹೋಟೆಲೊಂದರ ಅಡಿಗೆಮನೆ ಸೇರಿದ್ದ. ಹಿಂದೆಯೇ ಇವಳು ಬಂದಳು. ಕೆಲಸ ಕೇಳಲು ಬಂದ ದಿನ ವೇಣುಗೋಪಾಲ ಎದ್ದು ನಿಂತು ಕೈ ಮುಗಿದಿದ್ದ.

"ಬರ್ರಿ ಬರ್ರಿ ಅಕ್ಕಾರ, ಕೂಡ್ರಿ. ನಮ್ಮ ಕಡಿಯವರು ಅಂದ್ರ ಎಷ್ಟು ಸಂತೋಷ ಆಗ್ತದ. ಚಾ ತರಸ್ತೀನಿ. ಹುಬ್ಬಳ್ಳಿ ಒಳಗ ಎಲ್ಲೆ ನೀವು?"

"ಗಿರಣಿ ಚಾಳ್ರಿ. ನಮ್ಮಪ್ಪ ಗಿರಣ್ಯಾಗ ಇದ್ದಾರಿ."

"ಹೌದಾ. ಮೂಲ ಯಾವ ಊರು?"

ಹೇಳಿದಳು.

"ಗೊತ್ತದ ಗೊತ್ತದ. ಅಲ್ಲೆ ಯಾವ ಓಣಿ?"

"ಓಣಿ ಅಲ್ರಿ. ಕೇರಿ."

ಚಾ ಬರಲಿಲ್ಲ. ವೇಣುಗೋಪಾಲ ಕುರ್ಚಿಯಲ್ಲಿ ಕೂತ. ಕಂಪ್ಯೂಟರಿನ ಕಡೆ ನೋಡುತ್ತ, "ನಾಳೆ ಬಾ," ಅಂದ. "ವ್ಯಾಳ್ಯಾಕ್ಕ ಸರಿಯಾಗಿ ಬಾ."

ಬರ್ರಿ ಎಂಬುದು ಬಾ ಆಗುವುದಕ್ಕೆ ಅಷ್ಟೇ ಸಾಕಾಯಿತು. ನಿಂಗವ್ವನಿಗೆ ಅದು ಹೊಸದಲ್ಲ. ಆದರೆ ಆ ಕೇರಿಯನ್ನು ಈ ಮನುಷ್ಯ ವಿಮಾನದಲ್ಲಿ ಜೊತೆಗೇ ಹೊತ್ತು ತಂದಿದ್ದನಲ್ಲ, ಯಾವ ಅಧಿಕಾರಿಯೂ ಅವನ ಚೀಲ ಬಿಚ್ಚಿಸಿ ನೋಡಿರಲಿಲ್ಲವಲ್ಲ ಎಂದು ಅವಳಿಗೆ ಆ ದಿನ ಬಸ್ಸಿನಲ್ಲಿ ಕೂತು ನಗು ಬಂತು.

ಅವನ ಈ ಎರಡು ಬಾಯಿಯನ್ನು ಮೊದಲು ಹಿಡಿದವಳು ವಾಲ್ಯಾ. ಅವಳು ರಷ್ಯಾದ ಇವಾನೊವೊ ಎಂಬ ಊರಿನವಳು. ಅಲ್ಲಿನ ಗಿರಣಿಯಲ್ಲಿ ಮಗ್ಗಗಳ ಸದ್ದಿಗೆ ಅವಳ ಕಿವಿ ಮುಕ್ಕಾಲು ಹೋಗಿತ್ತು. ಆ ಗದ್ದಲದಲ್ಲಿ ಹೆಂಗಸರೆಲ್ಲ ಒಬ್ಬರ ತುಟಿ ಒಬ್ಬರು ನೋಡಿಯೇ ಮಾತಾಡುತ್ತಿದ್ದರಂತೆ. ಒಂದು ಮಧ್ಯಾಹ್ನ ಊಟದ ಕೋಣೆಯಲ್ಲಿ ನಿಂಗವ್ವ ಬುತ್ತಿ ಬಿಚ್ಚುವಾಗ ಅವಳು ತನ್ನ ತುಟಿಗಳನ್ನೇ ತೋರಿಸಿದಳು.

"ಬಾಸ್. ಟು ಮೀ, ಮೌತ್ ಲೈಕ್ ದಿಸ್," ಎಂದು ಹಲ್ಲು ಬಿಟ್ಟಳು. "ಟು ಯೂ..." ಕೆಳತುಟಿ ಮುಂದೆ ಮಾಡಿ ಉಗಿಯುವಂತೆ ಮಾಡಿದಳು. "ವಾಟ್ ಹಿ ಸೇ?"

ನಿಂಗವ್ವ ಪಕ್ಕದಲ್ಲಿದ್ದ ಪ್ರಕೃತಿಯ ಕಡೆ ನೋಡಿದಳು. ಮೈಸೂರಿನ ಹುಡುಗಿ, ಇಲ್ಲಿ ಕಾಲೇಜು ಓದುತ್ತ, ಉಳಿದ ಹೊತ್ತು ಪ್ಯಾಕಿಂಗಿನಲ್ಲಿ ದುಡಿಯುತ್ತಿದ್ದಳು.

"ಆಂಟಿ, ಇದನ್ನ ಇಂಗ್ಲಿಷಲ್ಲಿ ಹೇಳಕ್ಕೇ ಆಗಲ್ಲ," ಅಂದಳು ಪ್ರಕೃತಿ. "ಅಲ್ಲಿ ಎಲ್ಲಾರ್ಗೂ ಯೂ ಅಷ್ಟೇ. ಹ್ಯೂಮನ್ ರೈಟ್ಸ್‌ನವರ ಹತ್ರ ಹೋದ್ರೂ ಏನಂತ ಕಂಪ್ಲೇಂಟ್ ಕೊಡ್ತೀರ? ಯೂ ಅಂದ್ರು ಅಂತಾನಾ?" ಆದರೂ ವಾಲ್ಯಾಳಿಗೆ ಬಿಡಿಸಿ ಹೇಳಲು ನೋಡಿದಳು. ಕನ್ನಡದಲ್ಲಿ ಎರಡು ಯೂ ಇವೆ. ಒಂದು ಮನುಷ್ಯರಿಗೆ, ಇನ್ನೊಂದು ಮಕ್ಕಳಿಗೆ, ನಾಯಿಗೆ, ಮತ್ತೆ...

ವಾಲ್ಯಾ ಅಗಿಯುವುದನ್ನು ನಿಲ್ಲಿಸಿದಳು. "ತಿ," ಎಂದು ಒಂದು ಬೆರಳು ನೆಲಕ್ಕೆ ತೋರಿಸಿದಳು. "ವಿ," ಎಂದು ಅಂಗೈ ಮೇಲೆತ್ತಿದಳು. "ರಷ್ಯನ್, ಸೇಮ್. ಮೈ ಸಿಟಿ, ಫಾರ್ ದಿಸ್, ಬ್ಲಡ್."

ಅವಳು ಆಮೇಲೆ ಹೇಳಿದ್ದನ್ನು ಪ್ರಕೃತಿ ತುಂಡು ತುಂಡಾಗಿ ಕನ್ನಡಕ್ಕೆ ತಂದಳು. ನದಿಯ ಎರಡೂ ದಂಡೆಗೆ ಕೆಂಪು ಇಟ್ಟಿಗೆಯ ಗಿರಣಿಗಳು, ಮರಕ್ಕಿಂತ ಹೆಚ್ಚು ಚಿಮಣಿಗಳು. ಚೀಟಿ ಬಟ್ಟೆಯ ಮೇಲೆ ಗುಲಾಬಿ ಹೂ ಅಚ್ಚು ಹಾಕುವ ಊರು. ಅಚ್ಚಿನ ಬಣ್ಣ ನದಿಗೆ ಹರಿದು, ಈ ಹೊತ್ತು ಯಾವ ಬಣ್ಣದ ಬಟ್ಟೆ ಎಂಬುದು ನೀರು ನೋಡಿದವರಿಗೆ ಗೊತ್ತಾಗುತ್ತಿತ್ತಂತೆ. ಗಿರಣಿಯ ಧಣಿಗಳಿಗೆ ಅರಮನೆ. ನೇಯುವವರಿಗೆ ಒಂದೇ ಹಲಗೆಯ ಮೇಲೆ ಪಾಳಿಯ ಪ್ರಕಾರ ನಿದ್ದೆ, ಒಬ್ಬಳು ಎದ್ದ ಬೆಚ್ಚಗಿನ ಜಾಗದಲ್ಲಿ ಇನ್ನೊಬ್ಬಳು. 1905ರಲ್ಲಿ ಊರಿಗೆ ಊರೇ ಮಗ್ಗ ನಿಲ್ಲಿಸಿತು. ಚೌಕದಲ್ಲಿ ಸೇರಬಾರದೆಂದು ಸರ್ಕಾರ ಅಟ್ಟಿದ್ದಕ್ಕೆ ತಾಲ್ಕಾ ಎಂಬ ಹೊಳೆಯ ದಂಡೆಯ ಹುಲ್ಲಿನ ಮೇಲೆ ಸಭೆ ಕೂತರು. ತಮ್ಮದೇ ಪಂಚಾಯಿತಿ ಆರಿಸಿಕೊಂಡರು, ಅದರಲ್ಲಿ ಹೆಂಗಸರೂ ಇದ್ದರು. ವಾಲ್ಯಾಳ ಅಜ್ಜಿಯ ಅವ್ವ ಹೊಟ್ಟೆಯಲ್ಲಿ ಕೂಸು ಹೊತ್ತು ಅಲ್ಲಿ ಕೂತಿದ್ದಳಂತೆ. ಹೆಚ್ಚು ಕೂಲಿ ಕೇಳಿದರು, ಬಾಣಂತಿಗೆ ರಜೆ ಕೇಳಿದರು. ಅದರ ಜೊತೆಗೇ, ನಮ್ಮನ್ನು ಮರ್ಯಾದೆಯಿಂದ ಮಾತಾಡಿಸಬೇಕು, ತಿ ಅನ್ನಬಾರದು ಎಂದೂ ಕೇಳಿದರಂತೆ. ಕುದುರೆ ಮೇಲಿನ ಸಿಪಾಯಿಗಳು ಬಂದು ಚಾಟಿಯಿಂದ ಹೊಡೆದರು, ಗುಂಡು ಹಾರಿಸಿದರು.

"ಕೇಳಿದ್ದು ಕೊಟ್ರ?" ಎಂದಳು ನಿಂಗವ್ವ.

ವಾಲ್ಯಾ ನಕ್ಕಳು. ಸ್ವಲ್ಪ ಕೊಟ್ಟರು, ಆಮೇಲೆ ಕಿತ್ತುಕೊಂಡರು. ಕ್ರಾಂತಿ ಆದ ಮೇಲೆ ಆ ಹೊಳೆಯ ದಂಡೆಗೆ ಸತ್ತವರ ಕಲ್ಲಿನ ತಲೆಗಳನ್ನು ನಿಲ್ಲಿಸಿದರು. ವರ್ಷಕ್ಕೊಮ್ಮೆ ಗಿರಣಿಯ ಡೈರೆಕ್ಟರು ಕಲ್ಲಿನ ತಲೆಗೆ ಹೂ ಇಟ್ಟು ಬಂದು, ಜೀವ ಇರುವ ತಲೆಗೆ ತಿ ಅನ್ನುತ್ತಿದ್ದ. ಆಮೇಲೆ ಆ ರಾಜ್ಯವೂ ಬಿತ್ತು, ಹತ್ತಿ ಬರುವುದು ನಿಂತಿತು, ಗಿರಣಿಗಳು ಸತ್ತವು. ಹೆಂಗಸರು ರೈಲು ನಿಲ್ದಾಣದಲ್ಲಿ ತಾವೇ ನೇಯ್ದ ಟವೆಲು ಹಿಡಿದು ಮಾರಲು ನಿಂತರು. ಈಗ ಅಂಥದೊಂದು ಗಿರಣಿಯೊಳಗೆ ದೊಡ್ಡ ಮಾಲ್ ಇದೆ. ಬೇರೆ ದೇಶದ ಚಾದರ ಮಾರುತ್ತಾರೆ.

"ಹುಚ್ಚು ಮಂದಿ," ಅಂದಳು ನಿಂಗವ್ವ. "ಒಂದ ಅಕ್ಷರಕ್ಕ ಗುಂಡ ತಿಂದ್ರಲ್ಲ." ಆದರೆ ಆ ಮಾತು ಅವಳ ಹೊಟ್ಟೆಯಲ್ಲಿ ಕೂತುಬಿಟ್ಟಿತು. ಸಂಜೆ ಮರಿಯಪ್ಪನಿಗೆ ಹೇಳಿದರೆ ಅವನು, "ಅವ ಏನರ ಅನ್ಲಿ ಬಿಡ. ಮೈಗೇನ್ ಹತ್ತತೈತಿ?" ಅಂದ. ಮೈಗೆ ಹತ್ತಿದ್ದನ್ನು ತೊಳೆದುಕೊಳ್ಳಬಹುದಿತ್ತು.

2018ರ ಬೇಸಿಗೆಯ ಹೊತ್ತಿಗೆ ವೇಣುಗೋಪಾಲನಿಗೆ ದೊಡ್ಡ ಗಿರಾಕಿ ಸಿಗುವುದರಲ್ಲಿತ್ತು. ಹೋಟೆಲ್ ಕಂಪನಿಯವರು ಕಾರ್ಖಾನೆ ನೋಡಲು ಬರುವವರಿದ್ದರು. ಕೆಲಸದವರನ್ನು ಗೌರವದಿಂದ ನಡೆಸಿಕೊಳ್ಳುವ ಕಡೆಯೇ ಕೊಳ್ಳುತ್ತೇವೆಂಬುದು ಅವರ ನಿಯಮವಂತೆ. ವೇಣುಗೋಪಾಲನ ತಲೆ ಓಡಿತು. ಲೋಕದ ನೇಯ್ಗೆ ಊರುಗಳೆಲ್ಲ ನಮ್ಮ ಸೂರಿನಡಿ ಎಂದು ಬ್ಯಾನರು ಕಟ್ಟಿಸಿದ. ವಾಲ್ಯಾ ಹೂವಿನ ಸ್ಕಾರ್ಫು ಕಟ್ಟಿಕೊಂಡು ತನ್ನ ಊರಿನ ಬಗ್ಗೆ ಮಾತಾಡಬೇಕು. ಹೂವಿನ ಅಚ್ಚು, ಹಾಡು, ಹಿಮ. ದಯವಿಟ್ಟು ಕ್ರಾಂತಿ ಬೇಡ. ನಿಂಗವ್ವನಿಗೆ ದಯವಿಟ್ಟು ಇರಲಿಲ್ಲ.

"ಇಳಕಲ್ ಸೀರಿ ಉಟ್ಕೊಂಡು ಬಾ. ಆ ಚರಕಾದ ಮುಂದ ಕೂಡು. ಫೋಟೋ ತಗೀತಾರ. ಆಮ್ಯಾಲ ಎಲ್ಲಾರಿಗೂ ಚಾ ಕೊಡು."

"ನನಗ ನೂಲಾಕ ಬರೂದಿಲ್ರಿ."

"ನೂಲು ಅಂದವ್ರು ಯಾರು? ತಿರುವು ಅಷ್ಟ."

ಚರಕವನ್ನು ಮದುವೆ ಅಲಂಕಾರದ ಅಂಗಡಿಯಿಂದ ತಂದಿದ್ದ. ಅದಕ್ಕೆ ದಾರವೇ ಇರಲಿಲ್ಲ.

ಬಂದವರು ಇಬ್ಬರು, ಒಬ್ಬಳು ಎತ್ತರದ ಹೆಂಗಸು, ಒಬ್ಬ ಗಡ್ಡದವನು. ವಾಲ್ಯಾ ಸ್ಕಾರ್ಫು ಕಟ್ಟಿ ನಿಂತು ಹೂವಿನಿಂದಲೇ ಶುರುಮಾಡಿದಳು. ಎರಡು ಮಾತು ಹೂವಿನದಾಯಿತು, ಮೂರನೆಯದು ತಾಲ್ಕಾ ಹೊಳೆಯ ದಂಡೆಗೆ ಹೋಯಿತು. "ದೇ ಆಸ್ಕ್, ಸ್ಪೀಕ್ ಟು ಅಸ್ ಲೈಕ್ ಪೀಪಲ್. ದೆನ್, ಹಾರ್ಸಸ್..." ಅನ್ನುವಷ್ಟರಲ್ಲಿ ವೇಣುಗೋಪಾಲ ಜೋರಾಗಿ ಚಪ್ಪಾಳೆ ಹೊಡೆದ. ಬಂದವರೂ ಹೊಡೆದರು. ಸಿಪಾಯಿಗಳ ಕುದುರೆಗಳು ಅಲ್ಲೇ ನಿಂತವು.

"ಇವಳು ನನ್ನ ಊರಿನ ಕಡೆಯವಳು," ಎಂದು ಅವನು ಇಂಗ್ಲಿಷಿನಲ್ಲಿ ನಿಂಗವ್ವನನ್ನು ತೋರಿಸಿದ. "ನಮ್ಮ ಮನೆಯ ಹಿರಿಯಕ್ಕ ಇದ್ದ ಹಾಗೆ." ಆಮೇಲೆ ಅದೇ ನಗುವಿನಲ್ಲಿ, ಅದೇ ದನಿಯಲ್ಲಿ ಕನ್ನಡಕ್ಕೆ ಇಳಿದ. "ಹಲ್ಲು ಕಿಸಿಯೇ ರಂಡೆ. ಮಾರಿ ಯಾಕ ಹೆಣಾ ಕಾಯೋರ ಹಂಗ ಮಾಡೀ? ಮಂದಿ ನೋಡ್ಲಿಕ್ಕತ್ತಾರ."

ಬಂದ ಹೆಂಗಸು ಆ ಮಾತಿನ ಇಂಪಿಗೆ ತಲೆದೂಗಿದಳು.

ನಿಂಗವ್ವ ಹಲ್ಲು ಕಿಸಿದಳು. ಚರಕ ಬಿಟ್ಟು ಎದ್ದಳು, ತಟ್ಟೆಯಿಂದ ಒಂದು ಲೋಟ ಎತ್ತಿ, ಎರಡೂ ಕೈಯಲ್ಲಿ ಹಿಡಿದು, ಬಾಗಿ ಅವನ ಮುಂದೆ ಚಾಚಿದಳು. ದನಿ ಲಾಲಿ ಹಾಡಿದಷ್ಟು ಮೆತ್ತಗಿತ್ತು.

"ಲೇ ವೇಣ್ಯಾ, ಹಲ್ಲು ಕಿಸಿಯೂದು ನಿನ್ನ ಕಸಬು, ನಂದಲ್ಲ. ನಮ್ಮ ಕೇರಿ ನಾಯಿ ಬೊಗಳಿದ್ರೂ ನಿನಗಿಂತ ಮರ್ಯಾದಿಂದ ಬೊಗಳತೈತಿ. ತಗೋ, ಕುಡಿ ಭಾಡ್ಯಾ. ಆರಿ ಹೊಂಟೈತಿ."

ವೇಣುಗೋಪಾಲನ ಮುಖದ ಮೇಲಿನ ನಗು ಇದ್ದಲ್ಲೇ ಒಣಗಿತು. ತೆಗೆಯುವ ಹಾಗಿರಲಿಲ್ಲ, ಗಿರಾಕಿ ನೋಡುತ್ತಿದ್ದಳು. ಪ್ರಕೃತಿ ಪೆಟ್ಟಿಗೆಗಳ ಹಿಂದೆ ಕೂತು ಅಂಗಿಯ ತೋಳು ಕಚ್ಚಿಕೊಂಡಳು.

"ಎಷ್ಟು ಚೆನ್ನಾಗಿತ್ತು," ಅಂದಳು ಎತ್ತರದ ಹೆಂಗಸು. "ಏನು ಹೇಳಿದರು?"

"ಇಟ್ ಈಸ್... ಎ ಟ್ರೆಡಿಷನಲ್ ವೆಲ್‌ಕಮ್," ಅಂದ ವೇಣುಗೋಪಾಲ.

"ನನಗೂ ಕಲಿಸಿ. ಲೇ... ವೇನ್ಯಾ?"

"ಲೇ ವೇಣ್ಯಾ," ಎಂದು ನಿಂಗವ್ವ ಬಿಡಿಸಿ ಹೇಳಿಕೊಟ್ಟಳು.

ಹೊರಡುವಾಗ ಆ ಇಬ್ಬರೂ ಕಾರಿನ ಬಳಿ ನಿಂತು ಕೈಮುಗಿದು, "ಲೇ ವೇನ್ಯಾ," ಎಂದು ಅವನಿಂದ ಬೀಳ್ಕೊಂಡರು. ಅವನು ಥ್ಯಾಂಕ್ಯೂ ಅಂದ.

ಕಾರು ತಿರುವು ದಾಟುವುದನ್ನೇ ಕಾದಿದ್ದವ ಒಳಗೆ ನುಗ್ಗಿದ. ನಿಂಗವ್ವ ಆಗಲೇ ತನ್ನ ಮಷೀನಿನ ಮುಂದೆ ಕೂತಿದ್ದಳು. ಅವಳ ಮಷೀನಿನ ಮೇಲಿದ್ದ ಬಟ್ಟೆಯನ್ನೆಲ್ಲ ಎಳೆದು ನೆಲಕ್ಕೆ ಹಾಕಿದ.

"ಹಲ್ಕಟ್ ರಂಡೆ, ನಾಲಿಗಿ ಬಂತೇನು ನಿನಗ? ನಮ್ಮ ಅಂಗಳದಾಗ ನಿಂದ್ರೋ ಧೈರ್ಯ ಇರಲಿಲ್ಲ ನಿಮ್ಮ ಮಂದಿಗೆ. ಎದ್ದು ನಡಿ. ನಿನ್ನ ಕೆಲಸ ಮುಗೀತು."

"ಹೋಗ್ತೀನಿ," ಅಂದಳು ನಿಂಗವ್ವ. ಏಳಲಿಲ್ಲ. "ನಿನ್ನ ಗಲೀಫ ಹೊಲ್ಯಾಕ ನಾ ಹುಟ್ಟಿಲ್ಲ. ಖರೆ, ಕಳಿಸೂದು ರೀತೀಲೆ ಕಳಸು. 'ನಿಂಗವ್ವಾರ, ನೀವು ಹೋಗ್ರಿ' ಅನ್ನು. ಅಂದ ಗಳಿಗಿಗೆ ಏಳ್ತೀನಿ."

"ನಿನಗ? ನೀವು?"

"ಹೂಂ. ನನಗ."

ಅವನು ನಕ್ಕ. ಜೊತೆಗೆ ನಗುವವರು ಯಾರೆಂದು ಸುತ್ತ ನೋಡಿದ. ವಾಲ್ಯಾಳ ಮಷೀನು ನಿಂತಿತ್ತು. ಅವಳ ಹಿಂದಿನ ಸಾಲಿನ ಹರ್‌ಬನ್ಸ್ ಕೌರ್ ಕೈಯಲ್ಲಿ ಕತ್ತರಿ ಹಿಡಿದುಕೊಂಡೇ ಪ್ರಕೃತಿಯನ್ನು ಕೇಳಿದಳು: "ಕ್ಯಾ ಬೋಲ್ ರಹೀ ಹೈ?"

"'ಆಪ್' ಬೋಲ್ನೇ ಕೋ ಬೋಲ್ ರಹೀ ಹೈ, ಆಂಟಿ," ಎಂದು ಪ್ರಕೃತಿ 'ನೀವು' ಎಂಬುದನ್ನು ಹಿಂದಿಗೆ ತಂದಳು.

"ಬಸ್? ತೋ ಬೋಲ್ ದೋ ನಾ, ಭಾಯಿಸಾಬ್." ಹರ್‌ಬನ್ಸ್ ಕೌರ್ ಕತ್ತರಿ ಕೆಳಗಿಟ್ಟು ಪೆಡಲಿನಿಂದ ಕಾಲು ತೆಗೆದಳು. ಅತ್ತ ತಮಿಳು ಹೆಂಗಸರು ಮಾತನ್ನು ತಮ್ಮ ತಮ್ಮಲ್ಲೇ ಹಂಚಿಕೊಂಡರು. ಅವರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಒಂದೊಂದೇ ಮಷೀನು ನಿಂತಿತು. ಫಿಲಿಪ್ಪೀನಿನವರು ಮೊದಲು ಮಷೀನು ನಿಲ್ಲಿಸಿ, ಯಾಕೆಂದು ಆಮೇಲೆ ಕೇಳಿದರು. ಹಿಂದಿನ ಬಾಗಿಲಿನಲ್ಲಿ ಮಾಲು ತುಂಬಲು ಬಂದ ಲಾರಿ ಹಾರ್ನ್ ಹೊಡೆಯಿತು.

"ಪೊಲೀಸರನ್ನ ಕರೀತೀನಿ," ಅಂದ ವೇಣುಗೋಪಾಲ.

"ಕರೀರಿ ಸರ್," ಅಂದಳು ಪ್ರಕೃತಿ. "ಅವ್ರು ಬಂದು ಮೊದಲು ಮ್ಯಾಮ್ ಅಂತಾರೆ."

ಫೋನು ತೆಗೆದವನು ಮತ್ತೆ ಜೇಬಿಗೆ ಹಾಕಿದ. ಲಾರಿ ಇನ್ನೊಮ್ಮೆ ಕೂಗಿತು. ಸಭೆಗಳಲ್ಲಿ ಗಂಟೆಗಟ್ಟಲೆ ಕನ್ನಡ ಹರಿಸಿದ ಬಾಯಿ ತೆರೆಯಿತು, ಮುಚ್ಚಿತು. ಮತ್ತೆ ತೆರೆಯಿತು.

"ನೀ..." ಎಂದ. ಅಲ್ಲಿಗೆ ನಿಂತ.

ನಿಂಗವ್ವ ಕುರ್ಚಿಯನ್ನು ಅವನ ಕಡೆ ತಿರುಗಿಸಿ, ಕೈಕಟ್ಟಿ ಕೂತಳು.

"ಮುಂದ?" ಅಂದಳು.