ಹೂಗಾರರು ಕೂಡದ ಸ್ಟೂಲು

ನಾನು ಒಂದು ಸ್ಟೂಲು. ಹಳೇ ಹುಬ್ಬಳ್ಳಿಯ ಈರಪ್ಪ ಬಡಿಗೇರ ಮುರಿದ ಬಾಗಿಲಿನ ಸಾಗವಾನಿಯಿಂದ ನನ್ನನ್ನು ಮಾಡಿದ. ಕೊನೆಯ ಮೊಳೆ ಹೊಡೆದು ತಾನೇ ಮೊದಲು ಕೂತು ನೋಡಿದ. ಅಂದಿನಿಂದ ನಾನು ಜನರನ್ನು ಗುರುತಿಸುವುದು ತೂಕದಿಂದ. ಕಟ್ಟಿಗೆಗೆ ಬೇರೇನೂ ತಿಳಿಯುವುದಿಲ್ಲ.

ಮೊದಲು ಒಂದು ಫೋಟೊ ಸ್ಟುಡಿಯೊದಲ್ಲಿದ್ದೆ. ಬಂದವರು ಉಸಿರು ಹಿಡಿದು ಕೂಡುತ್ತಿದ್ದರು, ಬೆಳಕು ಮಿಂಚಿದ ಮೇಲೆ ಸಡಿಲಾಗುತ್ತಿದ್ದರು. ಎಲ್ಲರ ಕೈಗೂ ಫೋನು ಬಂದಾಗ ಸ್ಟುಡಿಯೊ ಮುಚ್ಚಿತು. ಗಾದಿ ಹೊಲಿಯುವ ಇಮಾಮಸಾಬ ನದಾಫರು ನನ್ನನ್ನು ಹೆಗಲ ಮೇಲೆ ಹೊತ್ತೊಯ್ದರು.

ಅವರೂ ಔಷಧಿ ಅಂಗಡಿಯ ಗುರುಸಿದ್ಧಪ್ಪ ಹೂಗಾರರೂ ಪ್ರತಿ ಐತವಾರ ಸಂಜೆ ಒಂದು ಶಾಲೆಯ ಹಾಲಿನಲ್ಲಿ ಆಶುನಾಟಕ ಆಡುತ್ತಿದ್ದರು. ಬರೆದ ಮಾತಿಲ್ಲ, ತಾಲೀಮಿಲ್ಲ, ರಂಗದ ಮೇಲಿನ ಸಾಮಾನೆಂದರೆ ನಾನೊಬ್ಬನೇ. ಇಮಾಮಸಾಬರು ನನ್ನ ಮೇಲೆ ಕೂತು ಮೊದಲ ಮಾತು ಎಸೆಯುವರು. ಹೂಗಾರರು ಪಕ್ಕದಲ್ಲಿ ನಿಂತೇ ಉತ್ತರ ಕೊಡುವರು.

"ಏನ್ರಿ ಡಾಕ್ಟರ, ಸತ್ತ ಕುದುರಿಗೆ ಮಾತ್ರೆ ಕೊಟ್ಟೀರಂತ?"

"ಕುದುರಿಗಲ್ಲರಿ, ಮ್ಯಾಲ ಕುಂತಾಂವಗ."

ಹನ್ನೊಂದು ವರ್ಷ ಹೀಗೇ ನಡೆಯಿತು. ಹೂಗಾರರು ಒಮ್ಮೆಯೂ ಮೊದಲ ಮಾತು ಆಡಲಿಲ್ಲ, ಒಮ್ಮೆಯೂ ಕೂಡಲಿಲ್ಲ. ಅವರ ತೂಕ ನನಗೆ ಗೊತ್ತಿರಲಿಲ್ಲ.

ಕಳೆದ ಶ್ರಾವಣದಲ್ಲಿ ಇಮಾಮಸಾಬರು ಅರ್ಧ ಹೊಲಿದ ಗಾದಿಯ ಮೇಲೆಯೇ ತೀರಿಕೊಂಡರು. ಹೂಗಾರರು ಮಣ್ಣಿಗೆ ಹೋಗಿ ಬಂದರು, ಮರುದಿನ ಅಂಗಡಿ ತೆರೆದರು. ಅಳಲಿಲ್ಲ. ಆದರೆ ಎರಡು ಐತವಾರ ನನ್ನ ಪಕ್ಕ ನಿಂತರೂ ಅವರ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಜನ ಕೆಮ್ಮಿದರು, ಎದ್ದು ಹೋದರು.

"ಬರೋ ಐತವಾರನೂ ಹಿಂಗಾದ್ರ ಬಿಟ್ಟುಬಿಡ್ತೀನಿ," ಎಂದರು ಹೂಗಾರರು.

ಅವರ ಆಟಕ್ಕೆ ಪರದೆ ಎಳೆಯುವ ಕಿರಿಯಳು ಸ್ಫೂರ್ತಿ ಪತ್ತಾರ, ಅದೇ ಶಾಲೆಯ ಟೀಚರು, ಫೋನು ತೆಗೆದಳು. "ಮೊದಲ ದೃಶ್ಯ ಎಐಗೆ ಕೇಳೂಣ ಕಾಕಾ. ಮುಂದಿಂದು ನಾವು ನೋಡ್ಕೊಳ್ಳೂಣ."

ಅದು ಕೊಟ್ಟ ಮೊದಲ ದೃಶ್ಯದಲ್ಲಿ ಜ್ವಾಲಾಮುಖಿ ಸಿಡಿಯುತ್ತಿತ್ತು, ಬೀಗದಕೈ ಕಳೆದಿತ್ತು, ಇಬ್ಬರು ವಿಜ್ಞಾನಿಗಳು ಅವಳಿ ಜವಳಿ ಎಂದು ಆಗಲೇ ಬಯಲಾಗಿತ್ತು.

"ನಾಟಕನ ಮುಗಿಸಿಬಿಟ್ಟೈತಲ್ಲ ಇದು! ನಾವೇನು ಚಪ್ಪಾಳಿ ತಟ್ಟೂದಷ್ಟ?" ಎಂದರು ಹೂಗಾರರು.

ಸ್ಫೂರ್ತಿ ಇನ್ನೂ ಚಿಕ್ಕ ದೃಶ್ಯ ಕೇಳಿದಳು. ಕ್ಷೌರದಂಗಡಿಯ ದೃಶ್ಯವೂ ಒಂದು ಮಾತೂ ಬಂದವು. ಹೂಗಾರರು ಆ ಮಾತು ಹೇಳಿ ನೋಡಿದರು. ಔಷಧಿ ಬಾಟಲಿಯ ಮೇಲಿನ ಚೀಟಿ ಓದಿದ ಹಾಗಿತ್ತು.

"ಅದಕ್ಕ ನಿಮ್ಮ ಬಗ್ಗೆ ಏನೂ ಗೊತ್ತಿಲ್ಲ ಕಾಕಾ. ಹೇಳ್ರಿ, ಬರೀತೀನಿ."

ಹೂಗಾರರು ನನ್ನ ಅಂಚನ್ನು ಹಿಡಿದು ನಿಂತರು. "ಬರಿ. ಇಬ್ಬರಿದ್ವಿ. ಮೊದಲ ಮಾತು ಆಡಾಂವ ತೀರ್ಕೊಂಡ. ಅಂವ ಕೂಡೋ ಸ್ಟೂಲ್ ಐತಿ. ನನಗ ಉತ್ತರ ಕೊಡೂದಷ್ಟ ಬರ್ತೈತಿ."

ಸ್ಫೂರ್ತಿ ಉತ್ತರವನ್ನು ಗಟ್ಟಿಯಾಗಿ ಓದಿದಳು. ಮೂರೇ ಸಾಲು. ಒಬ್ಬ ಬರುತ್ತಾನೆ. ಸ್ಟೂಲು ಒರೆಸುತ್ತಾನೆ. ಕೂಡುವುದಿಲ್ಲ.

"ಮಾತಿಲ್ಲೇನು?"

"ಇಲ್ಲರಿ."

"ಇದಾದೀತು," ಎಂದರು.

ಐತವಾರ ಹೂಗಾರರು ಬಂದು ಹೆಗಲ ಮೇಲಿನ ಟವೆಲ್ಲಿನಿಂದ ನನ್ನನ್ನು ಒರೆಸಿದರು. ನಡುವೆ ಒಂದು ಸಲ, ಅಂಚಿಗೆ ಎರಡು ಸಲ, ಮತ್ತೆ ನಾಲ್ಕೂ ಕಾಲು. ಹಾಲಿನಲ್ಲಿ ಯಾರೂ ಕೆಮ್ಮಲಿಲ್ಲ. ಒರೆಸಿ ಮುಗಿದ ಮೇಲೂ ಒರೆಸಿದರು. ಆ ಮೌನ ತಡೆಯಲಾರದೆ ಸ್ಫೂರ್ತಿಯೇ ಪರದೆಯ ಹಿಂದಿನಿಂದ ಬಂದಳು.

"ಇಷ್ಟ್ಯಾಕ ಒರಸ್ತೀರಿ ಕಾಕಾ? ಯಾರು ಬರೋರದಾರ?"

ಕೇಳಿದ ಕೂಡಲೇ ಉತ್ತರ ಬಂತು. ಹನ್ನೊಂದು ವರ್ಷದ ರೂಢಿ.

"ಬರೂದಲ್ಲವ್ವಾ, ಹೋಗ್ಯಾನ. ಚಾ ತರ್ತೀನಂತ. ಶ್ರಾವಣದಾಗ ಹೋದಾಂವ, ಹಾಲು ಹಿಂಡಿಕೊಂಡ ಬರ್ತಾನೇನೊ. ಅಲ್ಲೀತನ ನೀ ಕೂಡು."

ಜನ ನಕ್ಕರು. ಸ್ಫೂರ್ತಿ ಕೂತಳು. ಫೋಟೊಗೆ ಬಂದವರ ಹಾಗೆ ಉಸಿರು ಹಿಡಿದಿದ್ದಳು. ಹೂಗಾರರ ದನಿ ಎಲ್ಲಿಯೂ ಏರಲಿಲ್ಲ, ಇಳಿಯಲಿಲ್ಲ. ಆಟ ಒಂದು ತಾಸು ನಡೆಯಿತು.

ಈಗಲೂ ಅವರು ಆಡುತ್ತಾರೆ. ಮೊದಲ ಮಾತು ಸ್ಫೂರ್ತಿಯದು. ನನ್ನ ಒಂದು ಕಾಲು ಸಡಿಲಾಗಿದೆ, ಹಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಬಂದಿದೆ. ಹೂಗಾರರು ನನ್ನನ್ನು ಔಷಧಿ ಅಂಗಡಿಯ ಮೂಲೆಯಲ್ಲಿ ಇಟ್ಟುಕೊಂಡಿದ್ದಾರೆ. ಬೆಳಿಗ್ಗೆ ಬಾಗಿಲು ತೆರೆದು ನನ್ನನ್ನು ಒರೆಸುತ್ತಾರೆ. ಮೊನ್ನೆ ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಒರೆಸಿ ಟವೆಲ್ಲು ಹೆಗಲಿಗೆ ಹಾಕಿಕೊಂಡು ಕೂತರು.

ಇಮಾಮಸಾಬರಿಗಿಂತ ಹಗುರ. ಅಷ್ಟೇ ತಿಳಿಯಿತು.